ಮಲಿಕಾಬಿಯ ನವಿಲು

ನವಲಗುಂದದ ಮಲಿಕಾಬಿ ಜಮಖಾನ ನೇಯುವುದನ್ನು ಸೊಸೆ ಮುಮತಾಜ್‌ಗೆ ಕಲಿಸಿದಳು. ಮಗಳು ಅತಿಯಾಳಿಗೆ ಕಲಿಸಲಿಲ್ಲ. ಮಗ್ಗದ ಕೋಣೆಯ ಹತ್ತಿರ ಸುಳಿದರೂ ಸಾಕು, "ಬ್ಯಾರೆ ಮನಿಗೆ ಹೋಗೂ ಹುಡುಗಿ ನೀ. ಹೊರಗ ನಡಿಬೇ" ಅನ್ನುತ್ತಿದ್ದಳು. ಅತಿಯಾ ಮದುವೆಯಾಗಲಿಲ್ಲ, ಬೇರೆ ಮನೆಗೆ ಹೋಗಲೇ ಇಲ್ಲ. ಮೂವತ್ತೆಂಟು ತುಂಬಿದರೂ ಆ ಕೋಣೆ ಅವಳದಾಗಲಿಲ್ಲ.

ನೇಕಾರ ಹೆಂಗಸರ ಸಂಘಕ್ಕೆ ವಿನ್ಯಾಸ ಕಾಪಿಡುವ ಸಾಫ್ಟ್‌ವೇರ್ ಬರೆದವಳು ಅವಳೇ. ಒಂದೊಂದು ಕೆಲಸಕ್ಕೆ ಒಂದೊಂದು ಮಾಡ್ಯೂಲ್. ಒಂದರ ಒಳಗು ಇನ್ನೊಂದಕ್ಕೆ ಗೊತ್ತಿಲ್ಲ. ಹೇಳಿದಷ್ಟು ಮಾಡುತ್ತದೆ, ಯಾಕೆಂದು ಕೇಳುವುದಿಲ್ಲ. ಸಾಯುವ ಮುಂಚಿನ ತಿಂಗಳು ಮಲಿಕಾಬಿ ಮಲಗಿದಲ್ಲೇ ಜಮಖಾನದ ಮೇಲೆ ತಾನು ನೇಯುತ್ತಿದ್ದ ನವಿಲಿನ ವಿನ್ಯಾಸವನ್ನು ಸಾಲು ಸಾಲಾಗಿ ಹೇಳಿದಳು. ಮುಮತಾಜ್ ಅದನ್ನು ಕಂಪ್ಯೂಟರಿಗೆ ತುಂಬಿಸಿದಳು. ಅತಿಯಾ ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದಳು.

ತಾಯಿಯ ನಲವತ್ತನೆಯ ದಿನ ಕಳೆದ ಮೇಲೆ ಅವಳ ಮನಸ್ಸು ಗಟ್ಟಿಯಾಯಿತು. ತನಗಿಲ್ಲದ ನವಿಲು ಯಾರಿಗೂ ಬೇಡ.

ವಿನ್ಯಾಸ ಇಡುವ ಮಾಡ್ಯೂಲನ್ನು ಅವಳು ಮುಟ್ಟಲಿಲ್ಲ. ಯಾರಾದರೂ ಮೊದಲು ಹುಡುಕುವುದು ಅಲ್ಲೇ. ನಕಲು ಪ್ರತಿ ಇಡುವ ಮಾಡ್ಯೂಲಿಗೆ ನವಿಲಿನ ಹೊಸ ನಕಲು ಮಾಡದಂತೆ ಹೇಳಿದಳು. ಮೂರು ವಾರದಲ್ಲಿ ಹಳೆಯ ಪ್ರತಿಗಳೂ ಅವಧಿ ಮುಗಿದು ತಾವಾಗಿಯೇ ಹೋದವು. ಬೇಡದ ಕಚ್ಚಾ ವಿನ್ಯಾಸಗಳನ್ನು ಪ್ರತಿ ಗುರುವಾರ ಗುಡಿಸುವ ಮಾಡ್ಯೂಲಿನಲ್ಲಿ ಒಂದೇ ಒಂದು ಸಾಲು ತಿದ್ದಿದಳು. ಆ ಸಾಲಿನ ಲೆಕ್ಕದಲ್ಲಿ ಇನ್ನು ನವಿಲೂ ಕಸವೇ. ಗುಡಿಸಿದ ಮರುದಿನ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದರೆ ಆ ಸಾಲೂ ಇರುವುದಿಲ್ಲ, ಯಾರು ಮಾಡಿದ್ದೆಂದು ಗುರುತೂ ಸಿಗುವುದಿಲ್ಲ.

ಗುರುವಾರ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಮಗ್ಗದ ಕೋಣೆಯ ಹೊಸ್ತಿಲಲ್ಲಿ ಕೂತು, ಒಳಗೆ ನೇಯುತ್ತಿದ್ದ ಮುಮತಾಜ್‌ಳನ್ನು ಕೇಳಿದಳು: "ಭಾಭಿ, ಅಮ್ಮಿಯ ನವಿಲು ನಿಮಗ ಬಾಯಿಲೆ ಬರ್ತೈತೇನ್ರಿ?"

"ಎಲ್ಲೀದವಾ! ಏಳುನೂರು ಸಾಲು ಅದಾವು. ನೀ ಮಾಡಿದ ಕಂಪ್ಯೂಟರಿನಾಗ ಐತೆಲ್ಲಾ, ಅದ ಧೈರ್ಯ ನನಗ."

ಅತಿಯಾ ನಕ್ಕಳು. ಗುಡಿಸುವುದನ್ನು ತಡೆಯಲು ಇನ್ನೂ ಹೊತ್ತಿತ್ತು, ಆದರೂ ಏಳಲಿಲ್ಲ.

ಹನ್ನೆರಡಕ್ಕೆ ಗುಡಿಸುವ ಕೆಲಸ ಮುಗಿಯಿತು. ವಿನ್ಯಾಸ ಅಳಿದರೆ ಅದರ ಒಡತಿಗೆ ಸುದ್ದಿ ಕಳಿಸುವ ಮಾಡ್ಯೂಲನ್ನು ಅವಳು ಬೇಕೆಂದೇ ಹಾಗೇ ಬಿಟ್ಟಿದ್ದಳು; ಮೊದಲ ಕೂಗು ಮುಮತಾಜ್‌ಳದೇ ಆಗಲಿ ಎಂದು. ಕಿಟಕಿಯ ಮೇಲಿದ್ದ ಮುಮತಾಜ್‌ಳ ಫೋನು ಸುಮ್ಮನಿತ್ತು. ನಡುಗಿದ್ದು ಅತಿಯಾಳ ಕೈಯಲ್ಲಿದ್ದ ಫೋನು. ಪ್ರತಿ ವಿನ್ಯಾಸದ ದಾಖಲೆಯಲ್ಲಿ ತುಂಬಿಸಿದವರ ಹೆಸರಿಗೆ ಒಂದು ಖಾನೆ, ಒಡತಿಯ ಹೆಸರಿಗೆ ಇನ್ನೊಂದು. ಆ ಎರಡನೆಯ ಖಾನೆಯನ್ನು ಅವಳು ಒಮ್ಮೆಯೂ ತೆರೆದು ನೋಡಿರಲಿಲ್ಲ. "ನವಿಲು ಅಳಿಸಲಾಗಿದೆ," ಎಂದಿತ್ತು ಸಂದೇಶ. "ಒಡತಿ: ಅತಿಯಾ. ಮಲಿಕಾಬಿ ಹೇಳಿ ಬರೆಸಿದ್ದು, ಮಗಳಿಗೆ."