ಒಂಟಿಗಲ್ಲಿನ ಬುಡದಲ್ಲಿ ಮೂರು ತುಂಡು ಹಗ್ಗ

ಹಗ್ಗದ ಚೀಲ ಬಿಚ್ಚಿದಾಗ ಸಂಜೆ ನಾಲ್ಕು ಗಂಟೆ. ಅರವತ್ತು ಮೀಟರಿನ ಒಂದೇ ಹಗ್ಗ ಇರಬೇಕಾದಲ್ಲಿ ಮೂರು ಹಗ್ಗಗಳಿದ್ದವು.

ಯಾರೋ ಕತ್ತರಿಸಿದ್ದರು.

ಬೆಳಿಗ್ಗೆ ನಾನೇ ಅದನ್ನು ಮೊಳಮೊಳವಾಗಿ ತಡವಿ ನೋಡಿ ಸುತ್ತಿಟ್ಟಿದ್ದೆ. ಮರುದಿನ ಒಂಟಿಗಲ್ಲು ಹತ್ತುವುದೆಂದು ನಿಶ್ಚಯವಾಗಿತ್ತು. ಮರಳುಗಾಡಿನ ನಡುವೆ ನೆಟ್ಟಗೆ ಎದ್ದು ನಿಂತ ಕೆಂಪು ಬಂಡೆ. ಹತ್ತಿರದ ಊರಿಗೆ ಜೀಪಿನಲ್ಲಿ ಆರು ಗಂಟೆ ದಾರಿ. ಅದನ್ನು ಹತ್ತಿದವರು ಬೆರಳೆಣಿಕೆಯಷ್ಟು. ನನಗೆ ಬಂಡೆ ಹತ್ತುವುದನ್ನು ಕಲಿಸಿದ ಮೇಷ್ಟ್ರು ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬರೇ ಹತ್ತಿದ್ದರು. ತುದಿಯಲ್ಲಿ ಮೂವತ್ತು ವರ್ಷದಿಂದ ಒಂದು ತಗಡಿನ ಡಬ್ಬಿ ಇದೆ, ಅದರೊಳಗಿನ ಪುಸ್ತಕದಲ್ಲಿ ಹತ್ತಿದವರೆಲ್ಲ ಹೆಸರು ಬರೆಯುತ್ತಾರೆ ಎಂದು ಎಲ್ಲೋ ಓದಿದ್ದೆ. "ನಿಮ್ಮ ಸಹಿ ಫೋಟೋ ತೆಗೆದು ಕಟ್ಟು ಹಾಕಿಸ್ತೀನಿ ಮೇಷ್ಟ್ರೇ" ಎಂದು ತಿಂಡಿಯ ಹೊತ್ತಿಗೆ ಹೇಳಿದ್ದೆ. ಅವರು "ಹೂಂ, ಉಡ" ಎಂದಿದ್ದರು. ಬಂಡೆಗೆ ಅಂಟಿಕೊಳ್ಳುತ್ತೇನೆಂದು ಅವರು ನನಗಿಟ್ಟ ಹೆಸರು ಅದು.

ಅಲ್ಲಿದ್ದವರು ಐವರೇ: ಮೇಷ್ಟ್ರು, ಅವರ ಹೊಸ ಶಿಷ್ಯ ಹಲ್ಲಿನ ಡಾಕ್ಟರು, ಜೀಪಿನ ಡ್ರೈವರು, ನಾನು, ನನ್ನ ಅಕ್ಕ. ಅಕ್ಕ ಹತ್ತುವವಳಲ್ಲ. ಲಿಫ್ಟುಗಳ ತಪಾಸಣೆ ಅವಳ ಉದ್ಯೋಗ. ಎಲ್ಲಾದರೂ ಲಿಫ್ಟಿನ ಹಗ್ಗ ಹರಿದರೆ ತಾನಾಗಿ ಹರಿಯಿತೋ, ಯಾರದಾದರೂ ಕೈವಾಡವೋ ಎಂದು ಹೇಳಬೇಕಾದವಳು ಅವಳು. "ನೀನು ಬೀಳೋದನ್ನ ನೋಡೋಕೆ ಮನೆಯವರು ಒಬ್ಬರಾದ್ರೂ ಇರ್ಲಿ" ಎಂದು ರಜೆ ಹಾಕಿ ಬಂದಿದ್ದಳು.

ಅವಳು ಬಾಯಿ ತೆರೆಯುವವರೆಗೂ ನಾನು ಕಾಯಲಿಲ್ಲ. ಡ್ರೈವರು ಎರಡು ದಿನದಿಂದ "ಗಾಳಿ ಸರಿಯಿಲ್ಲ, ವಾಪಸ್ ಹೋಗೋಣ" ಎನ್ನುತ್ತಿದ್ದರು. ಅವರ ಸೊಂಟದಲ್ಲಿ ಚಾಕು ಇತ್ತು. ನನಗೆ ಅಷ್ಟು ಸಾಕಾಯಿತು. ಅವರ ಚೀಲ ಎಳೆದು ಮರಳಿನ ಮೇಲೆ ಸುರಿದೆ. ಎರಡು ಅಂಗಿ, ತೂತು ಬಿದ್ದ ಬನಿಯನ್ನು, ಹಲ್ಲುಪುಡಿ, ಮೂಲವ್ಯಾಧಿಯ ಮುಲಾಮು.

ಐವತ್ತು ದಾಟಿದ ಮನುಷ್ಯ. ಮೇಷ್ಟ್ರ ಕಡೆ ಒಮ್ಮೆ ನೋಡಿದರು, ಅಷ್ಟೇ. ಮೇಷ್ಟ್ರು ನೆಲ ನೋಡುತ್ತಿದ್ದರು.

"ಸಾಕು, ನಿಲ್ಸು" ಎಂದಳು ಅಕ್ಕ. "ಹಗ್ಗ ಕೊಡಿಲ್ಲಿ."

ತುಂಡುಗಳನ್ನು ತಿರುವಿ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿದಳು.

"ಮಧ್ಯಾಹ್ನ ಮಲಗಿದ್ರಾ ಡಾಕ್ಟ್ರೇ?"

"ನಿದ್ದೆ ಎಲ್ಲಿ ಬರ್ಬೇಕು? ನಾಳೆ ನೆನೆಸ್ಕೊಂಡು ಹೊರಳಾಡ್ತಿದ್ದೆ. ನಿಜ ಹೇಳ್ಲಾ — ಹಗ್ಗ ಹೋಯ್ತು ಅಂದಾಗ ಒಳಗೊಳಗೇ ಖುಷಿ ಆಯ್ತು. ಹಾಗಂತ ಕತ್ತರಿಸಿದ್ದು ನಾನಲ್ಲ."

"ಯಾರಾದ್ರೂ ಓಡಾಡಿದ್ರಾ?"

"ಟೆಂಟಿನೊಳಗಿದ್ದೆ. ಒಲೆ ಹತ್ರ ಲೈಟರ್ ಸದ್ದು ಕೇಳ್ತು. ಯಾರೋ ಟೀ ಮಾಡ್ತಿದಾರೆ ಅಂದ್ಕೊಂಡೆ."

"ಟೀ ಕುಡಿದೋರು ಯಾರು?"

ಯಾರೂ ಇಲ್ಲ.

ಅಕ್ಕ ಡ್ರೈವರನ್ನು ಕೇಳಿದಳು. "ನಿಮಗೇನಾದ್ರೂ ಗೊತ್ತಾ?"

"ನಾನು ಹೇಳೋ ಮಾತಲ್ಲ ಅದು, ಮೇಡಂ."

"ನೋಡು, ಏನೋ ಮುಚ್ಚಿಡ್ತಿದಾನೆ" ಎಂದೆ ನಾನು. ಅಕ್ಕ ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ.

"ಈ ಹಗ್ಗ ಇನ್ನು ಹತ್ತೋಕೆ ಬರಲ್ಲ. ಹಾಸಿಗೆ ಕಟ್ಟೋಕೆ ಒಂದೊಂದು ಮಾರು ಕತ್ತರಿಸಿ ಕೊಡಿ."

ಡ್ರೈವರು ಕತ್ತರಿಸಿ ತುದಿಗೆ ಗಂಟು ಹಾಕಿದರು. ಡಾಕ್ಟರು ಕತ್ತರಿಸಿದ್ದು ಪೊರಕೆಯ ಹಾಗೆ ಬಿಚ್ಚಿಕೊಂಡಿತು. ನಾನು ಕತ್ತರಿಸಿದೆ, ಕೈ ತಾನಾಗಿ ಲೈಟರಿನತ್ತ ಹೋಯಿತು. ಅಕ್ಕ ಆ ಕೈ ಹಿಡಿದುಕೊಂಡಳು.

"ಯಾಕೆ?"

"ನೈಲಾನ್ ಅಲ್ವಾ. ತುದಿ ಸುಟ್ಟು ಒತ್ತದಿದ್ರೆ ಎಳೆ ಬಿಚ್ಕೊಳ್ಳತ್ತೆ."

"ಯಾರು ಹೇಳ್ಕೊಟ್ಟಿದ್ದು?"

ನನ್ನ ಕಣ್ಣು ಮೇಷ್ಟ್ರ ಕಡೆ ಹೋಯಿತು.

"ಇದರಲ್ಲಿ ಹೊಸ ತುದಿ ನಾಲ್ಕು" ಎಂದಳು ಅಕ್ಕ. "ನಾಲ್ಕೂ ನೀಟಾಗಿ ಸುಟ್ಟು ಒತ್ತಿವೆ. ಅಂಗಡಿಯಿಂದ ತಂದ ಹಗ್ಗದ ಹಾಗೇ ಕಾಣೋದ್ರಿಂದ ನಿಮ್ಯಾರ ಕಣ್ಣಿಗೂ ಅದು ಬೀಳ್ಲಿಲ್ಲ. ಹಾಳು ಮಾಡೋಕೆ ಬಂದೋರು ತುದಿಗೆ ಆರೈಕೆ ಮಾಡ್ತಾರಾ? ಮನಸ್ಸು ಹೇಳಿದ್ದು ಕತ್ತರಿಸು ಅಂತ. ಸುಟ್ಟಿದ್ದು ಕೈ, ಅಭ್ಯಾಸಬಲದಿಂದ. ಆ ಅಭ್ಯಾಸ ಇಲ್ಲಿ ಇಬ್ಬರಿಗೇ. ಒಬ್ಬಳು ಮಧ್ಯಾಹ್ನವೆಲ್ಲ ನನ್ನ ತೊಡೆ ಮೇಲೆ ಗೊರಕೆ ಹೊಡೀತಿದ್ಲು. ಕಾಲು ಇನ್ನೂ ಜೋಮು ಹಿಡಿದಿದೆ."

ಅವಳ ದನಿ ಇಳಿಯಿತು. "ಮೇಷ್ಟ್ರೇ, ಯಾರನ್ನಾದ್ರೂ ಬೀಳಿಸೋ ಉದ್ದೇಶ ಇದ್ದಿದ್ರೆ ಗುಟ್ಟಾಗಿ ಎಳೆ ಕೊಯ್ದಿಡ್ತಿದ್ರಿ. ನೀವು ಎಲ್ಲರಿಗೂ ಕಾಣೋ ಹಾಗೆ ಕತ್ತರಿಸಿದೀರಿ. ಯಾರೂ ಮೇಲೆ ಹೋಗಬಾರದು, ಅಷ್ಟೇ. ಆ ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲ, ಅಲ್ವಾ?"

ಮೇಷ್ಟ್ರು ಮರಳಿನ ಮೇಲೆ ಕೂತರು.

"ಪುಸ್ತಕ ಇದೆ ಅನ್ನೋದೇ ನಂಗೆ ಇವತ್ತು ಬೆಳಿಗ್ಗೆ ಗೊತ್ತಾಯ್ತು. ಮುಕ್ಕಾಲು ಹತ್ತಿದ್ದೆ, ಉಡ. ಮುಂದಕ್ಕೆ ಧೈರ್ಯ ಬರ್ಲಿಲ್ಲ, ಇಳಿದುಬಿಟ್ಟೆ. ಊರಿಗೆ ಹೋದಾಗ ಯಾರೋ ಭೇಷ್ ಅಂದ್ರು. ಇಲ್ಲ ಅನ್ನೋಕೆ ಒಂದು ಮಾತು ಸಾಕಿತ್ತು. ನಾಳೆ ಹೇಳೋಣ ಅಂದ್ಕೊಂಡೆ." ಡ್ರೈವರ ಕಡೆ ನೋಡಿದರು. "ಅದಿರ್ಲಿ. ನೀನು ಅವರ ಚೀಲ ಸುರಿಯೋವಾಗ ಬಾಯಿ ಮುಚ್ಕೊಂಡು ನಿಂತಿದ್ನಲ್ಲ…"

ನಾನು ಮೊಣಕಾಲೂರಿ ಸಾಮಾನು ಹೆಕ್ಕತೊಡಗಿದೆ. ಮುಲಾಮಿನ ಟ್ಯೂಬಿಗೆ ಮರಳು ಮೆತ್ತಿತ್ತು, ಉಜ್ಜಿದರೂ ಹೋಗಲಿಲ್ಲ. ಡ್ರೈವರು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತರು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಅವತ್ತು ಜೀಪ್ ತಂದೋನೇ ನಾನು, ಮೇಡಂ. ಇಳಿದು ಬಂದು ಅತ್ತುಬಿಟ್ರು. ಅಳೋರನ್ನ ನೋಡಿದ್ದನ್ನ ಊರಿಗೆಲ್ಲ ಸಾರ್ಕೊಂಡು ಬರೋಕಾಗತ್ತಾ?"

"ನಾನು ಚೀಲ ಎಳೆದಾಗ ನಾನಲ್ಲ ಅಂತಾದ್ರೂ ಅನ್ಬಹುದಿತ್ತು."

"ನೀವು ಕೇಳ್ಲೇ ಇಲ್ವಲ್ಲ."

"ತಪ್ಪಾಯ್ತು" ಎಂದೆ. ಮುಖ ಎತ್ತಿ ಹೇಳಲಾಗಲಿಲ್ಲ.

ಅವರು ಪರವಾಗಿಲ್ಲ ಎನ್ನಲಿಲ್ಲ. ಅಂಗಿ ಕೊಡವಿ, ಮಡಿಸಿ, ಚೀಲಕ್ಕೆ ತುಂಬಿಕೊಂಡು ಜೀಪಿನತ್ತ ನಡೆದರು. ಮೇಷ್ಟ್ರು ಎದ್ದು ಅವರ ಹಿಂದೆಯೇ ಹೋದರು.

ಮರುದಿನದ ಆರು ಗಂಟೆಯ ದಾರಿಯಲ್ಲಿ ಮಾತಾಡಿದವರು ಮುಂದಿನ ಸೀಟಿನ ಅವರಿಬ್ಬರೇ. ಹಿಂದೆ ಕೂತ ನಾವು ಮೂವರೂ ಕಿಟಕಿಯಾಚೆ ನೋಡುತ್ತಿದ್ದೆವು, ಅಲ್ಲಿ ನೋಡಲು ಮರಳು ಬಿಟ್ಟರೆ ಏನೂ ಇಲ್ಲದಿದ್ದರೂ.