ಎಡಗಡೆ ಅರ್ಧ ಇಂಚು

ಒಂದು ಗುಟುಕು ಚಹಾ ಕುಡಿದವರೇ ಅತ್ತೆ ಲೋಟವನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಬಗ್ಗಿಸಿಬಿಟ್ಟರು.

"ಸಕ್ಕರೆ ಹಾಕಿದೀಯ. ನನ್ನನ್ನ ಸಾಯಿಸಬೇಕು ಅಂತಿದೀಯಾ?"

"ಲೋಟ ಅದಲುಬದಲಾಯ್ತು ಅತ್ತೆ. ಅದು ಅವರದು."

'ಅವರು' ಎಂದರೆ ಸೊಸೆಯ ಗಂಡ. ಇಕ್ಕಟ್ಟು ಬೀದಿಯಲ್ಲೂ ದೊಡ್ಡ ಬಸ್ಸನ್ನು ಸಲೀಸಾಗಿ ತಿರುಗಿಸುವ ಆಸಾಮಿ, ತಾಯಿಯ ಎದುರು ನಾಲಿಗೆ ಮಾತ್ರ ತಿರುಗಿಸಲಾರ. ತಲೆ ತಗ್ಗಿಸಿ ತಿಂಡಿ ತಿನ್ನುತ್ತಲೇ ಇದ್ದ.

ಹನ್ನೆರಡು ವರ್ಷದ ಹಿಂದೆ ಅತ್ತೆಯ ಅಕ್ಕ ಎದೆಯ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಮಣ್ಣು ಮಾಡಿ ಬಂದ ದಿನವೇ ಅತ್ತೆ, ರೋಗಕ್ಕೆ ಇವೇ ಮೂಲ ಎಂದು, ಸಕ್ಕರೆ ಡಬ್ಬಿಯನ್ನೂ ಎಣ್ಣೆ ಬಾಣಲೆಯನ್ನೂ ಹೊರಗೆ ಎಸೆದಿದ್ದರು. ಅಂದಿನಿಂದ ಬೇಯಿಸಿದ ಕಾಳು, ಹಸಿ ಸೊಪ್ಪು, ಬೆಳಿಗ್ಗೆ ಒಂದು ಲೋಟ ಕಹಿ ರಸ. ಮಗ ಹಟ ಹಿಡಿದು ತನ್ನ ಚಹಾಕ್ಕೆ ಒಂದು ಚಮಚ ಸಕ್ಕರೆ ಉಳಿಸಿಕೊಂಡಿದ್ದೇ ಆ ಮನೆಯಲ್ಲಿ ಅವನು ಗೆದ್ದ ಏಕೈಕ ಯುದ್ಧ! ಸೊಸೆ ಅಷ್ಟನ್ನೂ ಗೆದ್ದಿರಲಿಲ್ಲ. ತಾನು ತಿಂದದ್ದಕ್ಕೆ, ಬಡಿಸಿದ್ದಕ್ಕೆ, ಒಗ್ಗರಣೆಯ ವಾಸನೆ ಬಂದದ್ದಕ್ಕೆ ಅನ್ನಿಸಿಕೊಂಡೇ ಅವಳ ಹರೆಯ ಕಳೆದಿತ್ತು.

ಆಸ್ಪತ್ರೆಯಿಂದ ಎದೆಯ ತಪಾಸಣೆಗೆ ಪತ್ರ ಬಂದಾಗಲೆಲ್ಲ ಅತ್ತೆ ಅದನ್ನು ಓದದೆ ಸೊಸೆಯ ಹೊಲಿಗೆ ಮೇಜಿನ ಮೇಲೆ ಹಾಕುತ್ತಿದ್ದರು. "ಕಾಗದ ಗಟ್ಟಿಯಾಗಿದೆ, ಕಾಲರಿನ ಅಚ್ಚು ಕತ್ತರಿಸ್ಕೋ." ಮೂರು ಪತ್ರಗಳು ಹಾಗೇ ಕಾಲರುಗಳಾಗಿದ್ದವು. ಇವತ್ತು ನಾಲ್ಕನೆಯದು ಬಂದಿತ್ತು.

ಬೀದಿಯವರ ಬಾಯಲ್ಲಿ ಸೊಸೆಯ ಹೆಸರು ಟೈಲರಮ್ಮ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಒಂದು ಯಂತ್ರ, ಒಂದು ಕನ್ನಡಿ. ಕೆಲಸ ಕಲಿಸಿದಾಕೆ ಮೊದಲ ದಿನವೇ ಹೇಳಿದ್ದರು, ಹೆಂಗಸರ ಅಳತೆಯನ್ನು ಬಾಯಿಬಿಟ್ಟು ಹೇಳಬಾರದು, ಸುಮ್ಮನೆ ಬರೆದುಕೊಳ್ಳಬೇಕು ಎಂದು. ಒಂದು ಭುಜ ಇಳಿದಿದ್ದರೆ ಒಳಗೆ ಪಟ್ಟಿ ಕೊಡು, ಬೆನ್ನು ಬಾಗಿದ್ದರೆ ಬಟ್ಟೆ ಹೆಚ್ಚಿಡು, ಬಂದವರಿಗೆ ಮುಜುಗರ ಮಾಡಬೇಡ. ಇಪ್ಪತ್ತು ವರ್ಷ ಅವಳು ಆ ಮಾತು ಮೀರಿರಲಿಲ್ಲ.

ಆದರೆ ಆರು ತಿಂಗಳ ಹಿಂದೆ ಅತ್ತೆಯೇ ತಮ್ಮ ಅಂಗಿ ತಂದು, ಎಡಗಡೆ ಎಳೀತಿದೆ, ಸ್ವಲ್ಪ ಬಿಡು ಎಂದಿದ್ದರು. ಟೇಪು ಹಿಡಿದಾಗ ಬೆರಳಿಗೆ ಏನೋ ಗಟ್ಟಿಯಾಗಿ ತಾಗಿತ್ತು... ಬಲಕ್ಕಿಂತ ಎಡಗಡೆ ಅರ್ಧ ಇಂಚು ಜಾಸ್ತಿ. ಅದೇನಿರಬಹುದು ಎಂದು ಹೊಳೆದರೂ ಅವಳು ಎಂದಿನಂತೆ ಸುಮ್ಮನೆ ಬರೆದುಕೊಂಡಳು, ಹೊಲಿಗೆ ಬಿಚ್ಚಿ ಯಾರಿಗೂ ಗೊತ್ತಾಗದಂತೆ ಮತ್ತೆ ಹೊಲಿದಳು. ಬೈಗುಳದ ಭಯವೂ ಇತ್ತು, ಸುಳ್ಳೇಕೆ. ಕಳೆದ ವಾರ ಅದೇ ಅಂಗಿ ಮತ್ತೆ ಬಂದಿತ್ತು.

ತೊಟ್ಟಿಯಲ್ಲಿ ಉರುಳಿದ್ದ ಲೋಟವನ್ನು ನೋಡುತ್ತಾ ನಿಂತವಳಿಗೆ ಇನ್ನು ತಡೆಯಲಾಗಲಿಲ್ಲ. ಅಳತೆ ಪುಸ್ತಕ ತಂದು ಅತ್ತೆಯ ಮುಂದೆ ತೆರೆದಿಟ್ಟಳು.

"ನನ್ನಿಂದ ತಪ್ಪಾಗಿದೆ ಅತ್ತೆ. ಆರು ತಿಂಗಳಿಂದ ನಂಗೆ ಗೊತ್ತು. ಕೈಗೆ ಸಿಕ್ಕಿತ್ತು... ಮುಚ್ಚಿ ಹೊಲಿದುಬಿಟ್ಟೆ."

ಮಗನ ಕೈಯ ತುತ್ತು ತಟ್ಟೆಗೆ ಬಿತ್ತು. ಈಗ ಮನೆಯ ಸೂರೇ ಹಾರಿಹೋಗುವಂತೆ ಕೂಗುತ್ತಾರೆ ಎಂದುಕೊಂಡಳು ಸೊಸೆ. ಅತ್ತೆ ಮಾತ್ರ ಕುರ್ಚಿಯಲ್ಲಿ ಮೆಲ್ಲಗೆ ಕುಸಿದರು.

"ನಂಗೊಂದು ವರ್ಷದಿಂದ ಗೊತ್ತು ಕಣೇ. ನೀನು ಬಾಯಿ ಬಿಡಲ್ಲ ಅಂತಾನೇ ನಿನ್ನ ಹತ್ರ ತಂದಿದ್ದು." ಅವರು ಅಳತೆ ಪುಸ್ತಕ ಮುಚ್ಚಿದರು. "ಹನ್ನೆರಡು ವರ್ಷ ಬಾಯಿ ಕಟ್ಟಿದೀನಿ. ನಿಮ್ಮೆಲ್ಲರ ಬಾಯೂ ಕಟ್ಟಿಸಿದೀನಿ. ಇದು ಅದೇ ಅಂತಾದ್ರೆ... ನಾನು ಮಾಡಿದ್ದಕ್ಕೆಲ್ಲ ಏನು ಅರ್ಥ?"

ಸೊಸೆ ನಾಲ್ಕನೆಯ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದಳು. ತಪಾಸಣೆಯಿಂದ ಏನು ಲಾಭ, ಅದು ಎಲ್ಲಿ ತಪ್ಪಬಹುದು, ಬರುವುದು ಬಿಡುವುದು ನಿಮ್ಮ ಇಷ್ಟ ಎಂದೆಲ್ಲ ಅದರಲ್ಲಿತ್ತು. ಕೊನೆಯಲ್ಲಿ ಒಂದು ಸಾಲು: ಗಂಟು ಕೈಗೆ ಸಿಕ್ಕಿದ್ದರೆ ತಪಾಸಣೆಯ ದಿನಕ್ಕಾಗಿ ಕಾಯಬೇಡಿ, ಕೂಡಲೇ ವೈದ್ಯರನ್ನು ನೋಡಿ. ಮೂರು ಕಾಲರುಗಳಲ್ಲಿ ಆ ಸಾಲು ಕತ್ತರಿಗೆ ಸಿಕ್ಕಿ ಹೋಗಿತ್ತು.

ಅತ್ತೆ ಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಚಪ್ಪಲಿ ಹಾಕ್ಕೋ," ಎಂದರು ಆಮೇಲೆ.

ಅದು ಕ್ಯಾನ್ಸರೇ ಆಗಿತ್ತು. ಕಂಕುಳಿಗೂ ಇಳಿದಿತ್ತು. ಪರೀಕ್ಷೆಗಳೆಲ್ಲ ಮುಗಿದ ದಿನ ಡಾಕ್ಟರಮ್ಮ ಯಾವುದನ್ನೂ ಮುಚ್ಚಿಡದೆ ಹೇಳಿದರು.

"ನಾನು ಸಕ್ಕರೇನೇ ಮುಟ್ಟಿಲ್ಲವಲ್ಲ ಡಾಕ್ಟರೇ," ಎಂದರು ಅತ್ತೆ, ಮಗುವಿನ ದನಿಯಲ್ಲಿ.

"ಒಳ್ಳೆ ಊಟ ಒಳ್ಳೇದೇ ಅಮ್ಮ, ಅದರಿಂದ ದೇಹಕ್ಕೆ ಶಕ್ತಿ ಬಂದಿದೆ, ಅದು ವ್ಯರ್ಥ ಅಲ್ಲ. ಆದ್ರೆ ಊಟ ಸರಿ ಇದ್ರೆ ಕಾಯಿಲೆ ಬರೋದೇ ಇಲ್ಲ ಅಂತ ಯಾರೂ ಭರವಸೆ ಕೊಡಕ್ಕಾಗಲ್ಲ."

"ಆರು ತಿಂಗಳ ಹಿಂದೆ ಬಂದಿದ್ರೆ?" ಸೊಸೆ ಕೇಳಿಯೇಬಿಟ್ಟಳು.

"ಚಿಕ್ಕದಿದ್ದಾಗಲೇ ಸಿಕ್ಕಿರ್ತಿತ್ತೇನೋ. ಖಂಡಿತ ಹೇಳಕ್ಕಾಗಲ್ಲ."

ಆ 'ಏನೋ' ಎಂಬುದನ್ನು ಸೊಸೆ ಬದುಕಿರುವವರೆಗೂ ಹೊರಬೇಕಿತ್ತು. ಯಾವ ಚಿಕಿತ್ಸೆಗೆ ಎಷ್ಟು ನೋವು, ಎಷ್ಟು ಭರವಸೆ ಎಂದು ಅತ್ತೆ ಒಂದೊಂದಾಗಿ ಕೇಳಿ ತಿಳಿದುಕೊಂಡರು. ಎರಡು ದಿನ ಯೋಚಿಸಿ, ಎಡಗಡೆಯ ಎದೆಯನ್ನು ಪೂರ್ತಿ ತೆಗೆಸಿಕೊಳ್ಳಲು ತಾವೇ ಒಪ್ಪಿದರು.

ಗಾಯ ಮಾಗಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಮುಂದಿನ ಕೋಣೆಗೆ ಬಂದು ಕನ್ನಡಿಯೆದುರು ನಿಂತರು. ಕ್ಯಾನ್ಸರಿನ ಔಷಧಿಗಳಿಂದ ತಲೆಗೂದಲು ಉದುರಿತ್ತು. ಸೊಸೆ ಟೇಪು ಹಿಡಿದಳು. ಅಭ್ಯಾಸದಂತೆ ಪೆನ್ಸಿಲ್ ಎತ್ತಿಕೊಂಡಳು.

"ಬಾಯಿಬಿಟ್ಟು ಹೇಳು," ಎಂದರು ಅತ್ತೆ.

ಅವಳು ಹೇಳಿದಳು. ಬಲಗಡೆಯ ಅಳತೆ ಹೇಳಿದಳು, ಎಡಗಡೆಯದೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅಳು ಉಕ್ಕಿ ಬಂತು. ಬಾಗಿಲಲ್ಲಿ ನಿಂತಿದ್ದ ಮಗ ಮುಖ ಆ ಕಡೆ ತಿರುಗಿಸಿಕೊಂಡ.

"ಒಳಗೆ ಹತ್ತಿ ತುಂಬಿ ಹೊಲೀಲಾ ಅತ್ತೆ? ಯಾರಿಗೂ ಗೊತ್ತಾಗಲ್ಲ."

ಅತ್ತೆ ಅವಳ ಕೆನ್ನೆಯನ್ನು ತಮ್ಮ ಬರಿಗೈಯಿಂದಲೇ ಒರೆಸಿದರು. ಮದುವೆಯಾಗಿ ಬಂದಾಗಿನಿಂದ ಅದೇ ಮೊದಲು.

"ಬೇಡ ಕಣಮ್ಮ. ಇರೋ ಹಾಗೇ ಹೊಲಿ."