ಆರು ಮಡಿಕೆಯ ಚಾಸಿ

ಶಾಲು ಹೊದ್ದವನು ಕಲ್ಮೇಶ. ಭರತನಿಗೆ ಸಿಕ್ಕಿದ್ದು ಒಂದು ಪೇಡೆ, ಅದೂ ಮುರಿದದ್ದು. ೨೦೦೫ರಲ್ಲಿ ಬೈಲಹೊಂಗಲದ ಕೃಷಿ ಮೇಳದಲ್ಲಿ, ಕಬ್ಬಿನ ಟ್ರೇಲರಿನ ತಳಕ್ಕೆ ಹೊಸ ನಮೂನೆಯ ಉಕ್ಕಿನ ಚಾಸಿ ಮಾಡಿದ ಯುವಕ ಬರಬೇಕೆಂದು ಮೈಕಿನಲ್ಲಿ ಕೂಗಿದಾಗ ಭರತ ಅಂಗಿಯ ಗುಂಡಿ ಸರಿಮಾಡಿಕೊಂಡ. ವೇದಿಕೆ ಹತ್ತಿದವನು ಮಾತ್ರ ಅವನು ಕೆಲಸಕ್ಕಿದ್ದ ಕಿತ್ತೂರಿನ ವರ್ಕ್‌ಶಾಪಿನ ಮಾಲೀಕ ಮಹಾಂತಪ್ಪನ ಸೋದರಳಿಯ ಕಲ್ಮೇಶ. ಕಂಪ್ಯೂಟರಿನ ಮುಂದೆ ಆರು ವರ್ಷ ಕಣ್ಣು ಸವೆಸಿ ಆ ಚಾಸಿಯ ಗೆರೆ ಗೆರೆಯನ್ನೂ ಬರೆದವನು ಕೆಳಗೆ ನಿಂತು ಚಪ್ಪಾಳೆ ತಟ್ಟಿದ. ಗೆದ್ದಲು ಕಟ್ಟಿದ ಹುತ್ತ ಹಾವಿಗಾಯಿತು ಎಂದುಕೊಂಡ. ಪೇಡೆಯನ್ನು ಮಾತ್ರ ತಿಂದ. ಅದೇನು ತಪ್ಪು ಮಾಡಿತ್ತು?

ಭರತನ ವಿದ್ಯೆ ಸಣ್ಣದಲ್ಲ. ಕಂಪ್ಯೂಟರಿನಲ್ಲಿ ಉಕ್ಕಿನ ತೊಲೆ ಬರೆಯಬೇಕಾದರೆ ಮೊದಲು ಅದರ ಅಡ್ಡಕೊಯ್ತ ಬರೆಯಬೇಕು, ಮೂಲಂಗಿ ಕೊಯ್ದಾಗ ಕಾಣುವ ಬಿಲ್ಲೆಯ ಹಾಗೆ. ಅದೇ ಪ್ರೊಫೈಲ್. ಒಮ್ಮೆ ಬರೆದು ಉಳಿಸಿಟ್ಟರೆ ಆಯಿತು, ಆಮೇಲೆ ಎಲ್ಲಿ ಗೆರೆ ಎಳೆದು ತೋರಿಸಿದರೂ ಅಲ್ಲೆಲ್ಲ ಅದೇ ಆಕಾರದ ತೊಲೆ ಬೆಳೆದು ನಿಲ್ಲುತ್ತದೆ. ಪೇಟೆಯ ಸಿದ್ಧ ಪ್ರೊಫೈಲುಗಳನ್ನು ಬಿಟ್ಟು ಭರತ ಚಾಸಿಗೆಂದೇ ತನ್ನದೊಂದನ್ನು ಕಟ್ಟಿದ್ದ. ತಗಡನ್ನು ಆರು ಕಡೆ ಮಡಿಸಿ ಒಳಗೆ ಟೊಳ್ಳು ಬಿಟ್ಟ ತೊಲೆ. ತೂಕ ಕಡಿಮೆ, ತಾಕತ್ತು ಹೆಚ್ಚು. ಹದಿನೈದು ಟನ್ ಕಬ್ಬು ಹೇರಿದರೂ ಸೊಂಟ ಬಗ್ಗುತ್ತಿರಲಿಲ್ಲ.

ಮೇಳ ಮುಗಿದ ವಾರಕ್ಕೆ ಎಂ.ಕೆ. ಹುಬ್ಬಳ್ಳಿಯ ಕಬ್ಬು ಸಾಗಣೆದಾರರ ಸಂಘ ನಲವತ್ತು ಟ್ರೇಲರುಗಳ ಆರ್ಡರ್ ಕೊಡಲು ವರ್ಕ್‌ಶಾಪುಗಳಿಂದ ನಮೂನೆ ಚಾಸಿ ಕೇಳಿತು. ಬೈಲಹೊಂಗಲದಲ್ಲಿ ಎದುರಾಳಿ ವರ್ಕ್‌ಶಾಪ್ ಇಟ್ಟಿದ್ದ ಶಟ್ಟೆಪ್ಪ ಚಹಾದಂಗಡಿಯಲ್ಲಿ ಭರತನ ಪಕ್ಕ ಬಂದು ಕುಳಿತ.

“ಆ ನಿಮ್ಮ ಚಾಸಿ ನಕ್ಷಾ ನನಗ ತಂದು ಕೊಡ್ರಿ, ಸಾಕು. ಆರ್ಡರ್ ನಮಗ ಬಂತಂದ್ರ ಬೋರ್ಡಿನ ಮ್ಯಾಲ ನನ್ನ ಹೆಸರಿನ ಜೋಡಿ ನಿಮ್ಮ ಹೆಸರೂ ಬರಸ್ತೇನಿ.”

ಬೋರ್ಡು! ಭರತನ ಎದೆ ಅಲ್ಲೇ ಕರಗಿತು.

ದಡ್ಡರು ಕದ್ದು ಓಡುತ್ತಾರೆ, ಜಾಣನು ಕದ್ದು ಅಲ್ಲೇ ಕೂರುತ್ತಾನೆ ಎಂಬುದು ಅವನ ಸಿದ್ಧಾಂತ. ಆದ್ದರಿಂದ ಆರ್ಡರ್ ಕೈಗೆ ಬರುವವರೆಗೂ ಮಹಾಂತಪ್ಪನ ನಿಷ್ಠಾವಂತ ನೌಕರನಾಗಿಯೇ ಇರಬೇಕು. ಕಲ್ಮೇಶ ರೊಟ್ಟಿ ಬುತ್ತಿ ಬಿಚ್ಚಿದ ಹೊತ್ತಿನಲ್ಲಿ ಭರತ ಪ್ರೊಫೈಲನ್ನು ಫ್ಲಾಪಿಗೆ ಇಳಿಸಿದ. ಆಮೇಲೆ ಅದರ ವೇಷ ಬದಲಿಸಲು ಕುಳಿತ. ಎತ್ತರವನ್ನು ಎಂಟು ಮಿಲಿಮೀಟರ್ ಏರಿಸಿದ. ಮೊನಚು ಮೂಲೆಗಳನ್ನು ದುಂಡಗೆ ಮಾಡಿದ. ಬೋಲ್ಟಿನ ತೂತುಗಳನ್ನು ಬೇರೆಡೆಗೆ ಕಳಿಸಿದ. ಕಂಪ್ಯೂಟರಿನ ಗಡಿಯಾರ ಹಿಂದೆ ತಿರುಗಿಸಿ ಕಡತಕ್ಕೆ ಎರಡು ವರ್ಷದ ಹಿಂದಿನ ತಾರೀಖು ಕೊಟ್ಟ, ಪುಣೆಯ ಒಬ್ಬ ಎಂಜಿನಿಯರನ ಹೆಸರನ್ನೂ ಹುಟ್ಟಿಸಿದ. ಆ ಎಂಜಿನಿಯರನ ಹೆಸರಿನಲ್ಲಿ ಇಂಗ್ಲಿಷಿನ ಸೊಗಸಾದ ಸಹಿ ಹಾಕುವಾಗ ಭರತನಿಗೆ ಅವನ ಮೇಲೆ ಗೌರವವೇ ಹುಟ್ಟಿತು.

“ಕೆಲಸದವರಿಗೆ ಒಂದ ಮಾತ ಹೇಳ್ರಿ,” ಎಂದು ಶಟ್ಟೆಪ್ಪನಿಗೆ ತಾಕೀತು ಮಾಡಿದ, “ನಕ್ಷಾದಾಗ ಹೆಂಗೈತೋ ಹಂಗ. ಕೂದಲೆಳಿಯಷ್ಟೂ ಹೆಚ್ಚುಕಮ್ಮಿ ಆಗಬಾರದು.”

ಹೆದರಬೇಕಾದವರ ಲೆಕ್ಕವನ್ನೂ ಹಾಕಿದ್ದ. ಮಹಾಂತಪ್ಪನಿಗೆ ಕಂಪ್ಯೂಟರ್ ತಿಳಿಯದು, ಕಲ್ಮೇಶನಿಗೆ ಶಾಲು ಬಿಟ್ಟರೆ ಏನೂ ತಿಳಿಯದು. ಇನ್ನು ಉಳಿದವಳು ಮಹಾಂತಪ್ಪನ ತಾಯಿ ಚನ್ನವ್ವ. ದಿನಾ ಬೆಳಿಗ್ಗೆ ವರ್ಕ್‌ಶಾಪಿನ ಗೋಡೆಗುಂಟ ಇರುವೆಗಳಿಗೆ ಸಕ್ಕರೆ ಉದುರಿಸುವುದೇ ಆಕೆಯ ಕಾರಭಾರ. ವರ್ಷಗಳ ಹಿಂದೊಮ್ಮೆ ಭರತನ ಪರದೆಗೂ ಬೆರಳು ತೋರಿಸಿ ಏನೋ ಹೇಳಿದ್ದಳು. ಅವನು ನಕ್ಕು, ಮುದುಕಿಯ ಸಮಾಧಾನಕ್ಕೆ ಆಯಿತೆಂದಿದ್ದ. ಆಕೆಯನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ.

ಪರೀಕ್ಷೆಯ ದಿನ ಸಂಘದ ಅಂಗಳದಲ್ಲಿ ಎರಡು ಚಾಸಿಗಳು ಕಲ್ಲಿನ ಮೇಲೆ ಅಕ್ಕಪಕ್ಕ ಕುಳಿತವು. ಭರತ ಮಹಾಂತಪ್ಪನ ಹಿಂದೆ, ಹಾಲು ಕುಡಿದ ಬೆಕ್ಕಿನಂತೆ ನಿಂತ. ಶಟ್ಟೆಪ್ಪನ ಚಾಸಿ ಕಂಡದ್ದೇ ಮಹಾಂತಪ್ಪನ ಮುಖ ಗಂಟಾಯಿತು.

“ಏನೋ ಕಲ್ಮೇಶಾ, ಇದು ನಮ್ಮದರಂಗ ಕಾಣಸ್ತದಲ್ಲೋ?”

ಕಲ್ಮೇಶ ಟೇಪು ಹಿಡಿದು ಉದ್ದಗಲ ಅಳೆದ, ತೂತು ಎಣಿಸಿದ, ಮೂಲೆ ಸವರಿದ.

“ಅಳತಿ ಬ್ಯಾರೆ, ಮೂಲಿ ಬ್ಯಾರೆ, ತೂತೂ ಬ್ಯಾರೆ. ನಮ್ಮದಲ್ಲ ಬಿಡ್ರಿ ಮಾವಾ.”

ಸಂಘದವರು ಪುಣೆಯ ಸಹಿ ನೋಡಿ ತಲೆದೂಗಿದರು. ಭರತನಿಗೆ ಆ ಕ್ಷಣ ಕಲ್ಮೇಶನ ಮೇಲೆ ನಿಜವಾಗಿಯೂ ಪ್ರೀತಿ ಉಕ್ಕಿತು. ಹಳದಿ ಬೋರ್ಡಿನ ಮೇಲೆ ಕೆಂಪು ಅಕ್ಷರವೋ, ಬಿಳಿಯ ಮೇಲೆ ನೀಲಿಯೋ ಎಂದು ಯೋಚಿಸತೊಡಗಿದ.

ಚನ್ನವ್ವ ಮಾತ್ರ ಪೂಜೆಗೆ ಬಂದವಳು. ಕಬ್ಬಿಣಕ್ಕೇನು ಭೇದ ಎಂದು ಎರಡೂ ಚಾಸಿಗಳಿಗೆ ವಿಭೂತಿ ಹಚ್ಚಿದಳು, ಕಾಯಿ ಒಡೆದು ಎಲ್ಲರಿಗೂ ಬೆಲ್ಲ ಹಂಚಿದಳು. ಚೂರು ಬೆಲ್ಲ ನೆಲಕ್ಕೆ ಬಿತ್ತು, ಕಬ್ಬಿನವರ ಅಂಗಳದಲ್ಲಿ ಇರುವೆಗಳಿಗೇನು ಬರವೇ. ಅವು ಬೆಲ್ಲ ಹೊತ್ತು ಕಲ್ಲು ಹತ್ತಿ ಶಟ್ಟೆಪ್ಪನ ಚಾಸಿಯ ತಳದಲ್ಲಿ ಮಾಯವಾಗುವುದನ್ನು ಆಕೆ ಬಗ್ಗಿ ನೋಡಿದಳು, ಬೆರಳು ಚಾಚಿ ಸವರಿದಳು. ಯಾವ ವರ್ಕ್‌ಶಾಪಿನವರಾದರೂ ಬೆಸುಗೆ ಹಾಕಿ ಮುಚ್ಚುವ ಜಾಗದಲ್ಲಿ, ತೊಲೆಯುದ್ದಕ್ಕೂ ಎರಡು ಮಿಲಿಮೀಟರಿನ ಸಂದು. ಆರು ವರ್ಷದ ಹಿಂದೆ, ‘ಒಳಗ ಸಿಕ್ಕ ಇರವಿ ಹೆಂಗ ಹೊರಗ ಬರಬೇಕೋ’ ಎಂದು ಆಕೆ ಕೇಳಿದ್ದಕ್ಕೆ ನಗುತ್ತಲೇ ತಾನು ಪ್ರೊಫೈಲಿನಲ್ಲಿ ಬಿಟ್ಟ ಸಂದು, ಪರದೆಯ ಮೇಲೆ ಚುಕ್ಕೆಯಷ್ಟೂ ಕಾಣದ ಸಂದು ಭರತನಿಗೆ ಈಗ ನೆನಪಾಯಿತು. ಚನ್ನವ್ವ ಸೊಂಟ ಹಿಡಿದು ಎದ್ದವಳೇ ಹತ್ತು ಜನರ ಮುಂದೆ ಅವನ ತಲೆ ಸವರಿದಳು. “ಭರತಾ, ಇದನ್ನೂ ನೀನ ಬರದೀಯೇನೋ ನಮ್ಮಪ್ಪಾ? ಮಂದೀ ಚಾಸಿಗೂ ನನ್ನ ಇರವಿಗಿ ಹಾದಿ ಬಿಟ್ಟೀಯಲ್ಲೋ! ನಿನ್ನ ಹೊಟ್ಟಿ ತಣ್ಣಗಿರಲಿ.” ಮಹಾಂತಪ್ಪ ಕಿಸೆಯಿಂದ ಚಾಳೀಸಿನ ಕನ್ನಡಕ ತೆಗೆದು ಹಾಕಿಕೊಂಡು, ಚಾಸಿಯ ತಳ ನೋಡಲು ಬಗ್ಗಿದ.